ಗಂಟು ಹಾಕಿದ ಹುಲ್ಲುಕಡ್ಡಿ

ಹೋದ ಭಾನುವಾರ ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಆ ವಾಸನೆ ಬಂತು. ನವಣೆ ಹುಲ್ಲಿನದು. ಕೊಯ್ದು ಒಣಗಿಸಿದ ನವಣೆ ಹುಲ್ಲಿಗೆ ಒಂಥರಾ ಸಿಹಿಧೂಳಿನ ವಾಸನೆ ಇರುತ್ತದೆ. ಮೂಗಿಗೆ ಹೋದರೆ ಮೊದಲು ಸೀನು ಬರುತ್ತದೆ, ಆಮೇಲೆ ಹಸಿವಾಗುತ್ತದೆ. ನನಗೆ ಎರಡೂ ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಹಿಂದೆ ಬರುತ್ತಿದ್ದ ಅನ್ನಮ್ಮ, "ಏಂ ವದಿನಾ, ತಲೆ ಸುತ್ತು ಬಂತಾ?" ಎಂದಳು. ಅನ್ನಮ್ಮ ರಾಂಪುರದ ಕಡೆಯವಳು, ಮನೆಮಾತು ತೆಲುಗು. ನಲವತ್ತು ವರ್ಷದಿಂದ ನನ್ನನ್ನು ಅತ್ತಿಗೆ ಅಂತಲೇ ಕರೆಯುತ್ತಾಳೆ, ಅದೂ ತೆಲುಗಿನಲ್ಲೇ.

"ತಲೆ ಐತೋ ಇಲ್ವೋ ನೋಡ್ಕಂತಿದ್ದೆ. ನೀ ಒಳಗೆ ನಡಿ" ಎಂದೆ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಈ ವರ್ಷ ಕಲಿಸಿಕೊಟ್ಟಿದ್ದಾಳೆ. ಇಷ್ಟು ದಿನ ಬಂಧುಗಳಿಗೆ ಶುಭೋದಯ ಕಳಿಸಿ ಅವರ ಬೆಳಗು ಹಾಳು ಮಾಡುವುದಕ್ಕೆ ಅದನ್ನು ಬಳಸುತ್ತಿದ್ದೆ. ಈಗ ಇದನ್ನು ಬರೆಯುತ್ತಿದ್ದೇನೆ, ಒಂದೇ ಬೆರಳಿನಲ್ಲಿ. ಸುಳ್ಳು ಬರೆಯಲು ಯಾರೂ ಇಷ್ಟು ಕಷ್ಟಪಡುವುದಿಲ್ಲ, ಆದ್ದರಿಂದ ನಂಬಬಹುದು.

ನಮ್ಮ ಗುಡಿ ಎಂದರೆ ಚರ್ಚು. ಚಳ್ಳಕೆರೆಯಲ್ಲಿ ಕಥೋಲಿಕರ ಮನೆಗಳು ಬಹಳ ಇಲ್ಲ; ಒಬ್ಬರ ಮನೆಯಲ್ಲಿ ಒಗ್ಗರಣೆ ಸೀದರೆ ಮುಂದಿನ ಭಾನುವಾರದೊಳಗೆ ಎಲ್ಲರಿಗೂ ಗೊತ್ತಾಗುವಷ್ಟೇ. ಮೊಳಕಾಲ್ಮೂರಿನಲ್ಲಿ ಇನ್ನೂ ಕಡಿಮೆ. ಅಲ್ಲಿ ಒಬ್ಬ ನೇಕಾರರ ಮನೆಯ ಪಡಸಾಲೆಯಲ್ಲಿ ಮಗ್ಗದ ಪಕ್ಕ ಮೇಜು ಹಾಕಿ, ತಿಂಗಳಿಗೊಂದು ಸಲ ಪೂಜೆ. ಗುರುಗಳು ಇಲ್ಲಿಂದಲೇ ಹೋಗಿ ಬರಬೇಕು.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ನಾವು ಆಗಮನ ಕಾಲ ಎನ್ನುತ್ತೇವೆ. ಕಾಯುವ ಕಾಲ. ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿ ಹಚ್ಚುತ್ತಾರೆ, ಮೂರು ನೇರಳೆ, ಒಂದು ಗುಲಾಬಿ. ಮೊದಲ ಭಾನುವಾರ ಪೀಠದ ಮುಂದೆ ಬೇವಿನ ಹಲಗೆಯ ಖಾಲಿ ಗೋದಲಿ ತಂದಿಡುತ್ತಾರೆ. ಹಬ್ಬದ ಹಿಂದಿನ ಸಂಜೆ ಬಾಲಯೇಸುವನ್ನು ಮಲಗಿಸುವುದು ಅದರಲ್ಲೇ. ಹಾಸಿಗೆ ಮಾತ್ರ ನಾವು ಮಾಡಬೇಕು. ಹಬ್ಬದ ತನಕ ಏನನ್ನು ಬಿಡುತ್ತೀರಿ ಎಂದು ಗುರುಗಳು ಕೇಳುತ್ತಾರೆ. ಒಬ್ಬೊಬ್ಬರೇ ಎದ್ದು ಹೋಗಿ, ಬಿಡುವುದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಗೋದಲಿಗೆ ಒಂದು ಹುಲ್ಲುಕಡ್ಡಿ ಹಾಕಿ ಬರಬೇಕು. ಆಮೇಲೆ ನಾಲ್ಕು ವಾರ, ಯಾರಾದರೂ ಏನಾದರೂ ಒಳ್ಳೆಯದು ಮಾಡಿದರೆ ಅದಕ್ಕೂ ಒಂದೊಂದು ಕಡ್ಡಿ. ಬೇರೆ ಊರುಗಳಲ್ಲಿ ಇದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರಂತೆ. ನಮ್ಮಲ್ಲಿ ಹಾಗಲ್ಲ. ಮನಸ್ಸಿನಲ್ಲಿ ಹೇಳಿಕೊಂಡರೆ ಕಾವಲು ಕಾಯುವವರು ಯಾರು?

ಹುಲ್ಲು ಕೊಡುವುದು ನಮ್ಮ ಪಕ್ಕದ ಮನೆಯ ತಿಪ್ಪಕ್ಕ. ಅವಳ ತವರು ನನ್ನಿವಾಳ. "ನಿಮ್ ದೇವ್ರ ಕೂಸು ನಮ್ಮ ನವಣೆ ಹುಲ್ಲಿನ ಮ್ಯಾಲೆ ಮಕ್ಕಂಡ್ರೆ ನಮಗೂ ಒಂದು ಪಾಲು ಪುಣ್ಯ ಬರ್ಬೇಕಪ್ಪ" ಎನ್ನುತ್ತಾ ಪ್ರತಿ ವರ್ಷ ಒಂದು ಹೊರೆ ತರಿಸಿಕೊಡುತ್ತಾಳೆ.

ಎರಡು ವರ್ಷದ ಹಿಂದೆಯೂ ತರಿಸಿಕೊಟ್ಟಿದ್ದಳು.

ನಮ್ಮ ಯಜಮಾನರ ಹೆಸರು ಇನ್ನಾಸಪ್ಪ. ಮೂವತ್ತು ವರ್ಷ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಓಡುವ ಬಸ್ಸಿನಲ್ಲಿ ಕಂಡಕ್ಟರು. ತಳಕು, ಬಿ.ಜಿ. ಕೆರೆ, ಹಾನಗಲ್ ಎಂದು ಕೂಗೀ ಕೂಗೀ ಗಂಟಲು ಹಿತ್ತಾಳೆಯಾಗಿತ್ತು. ಕೆಲಸ ಬಿಟ್ಟ ಮೇಲೂ ಮಾತು ಬಿಡಲಿಲ್ಲ. ಊಟಕ್ಕೆ ಕುಂತರೆ ಮಾತು, ಹಲ್ಲುಜ್ಜುವಾಗ ಮಾತು, ನಿದ್ದೆಯಲ್ಲಿ ಚಿಲ್ಲರೆ ಕೇಳುವುದು. ಭಾನುವಾರ ಪೂಜೆಯಲ್ಲಿ ಮೊದಲ ವಾಚನ ಓದುವುದು ಅವರೇ. ಪ್ರವಾದಿಗಳ ಮಾತನ್ನೂ ಬಸ್ಸು ಹೊರಡುತ್ತಿದೆ ಎನ್ನುವ ಧಾಟಿಯಲ್ಲೇ ಓದುವರು. ಮುಂದಿನ ಬೆಂಚಿನವರು ಬೆಚ್ಚಿ ಕಾಲು ಒಳಗೆ ಎಳೆದುಕೊಳ್ಳುವರು. ಪೂಜೆ ಮುಗಿದ ಮೇಲೆ ಪೀಠ ಒರೆಸಿ, ಬತ್ತಿ ಆರಿಸಿ, ಬೀಗ ಹಾಕುವುದೂ ಅವರೇ.

ಆ ಭಾನುವಾರ ಅನ್ನಮ್ಮ ಎದ್ದು ಟೀವಿ ಧಾರಾವಾಹಿ ಬಿಡುತ್ತೇನೆ ಎಂದಳು. ಟೈಲರ್ ಶೌರಪ್ಪ, "ನಾನು ಬೀಡಿ" ಎಂದ. "ಹೋದ ವರ್ಷ ಬಿಟ್ಟ ಬೀಡಿ ಇನ್ನೂ ಸೇದ್ತಾನೆ ಅವ್ನು" ಎಂದು ಹಿಂದಿನಿಂದ ಅವನ ಹೆಂಡತಿ. ಗುರುಗಳು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ನನ್ನ ಸರದಿ ಬಂದಾಗ ಟೀಗೆ ಸಕ್ಕರೆ ಬಿಡುತ್ತೇನೆ ಎಂದು ಒಂದು ಕಡ್ಡಿ ಹಾಕಿದೆ. ಅಷ್ಟಕ್ಕೆ ಬಂದು ಕೂತಿದ್ದರೆ ಆಗುತ್ತಿತ್ತು. ನನ್ನ ಹಣೆಯಲ್ಲಿ ಸುಮ್ಮನಿರುವುದು ಬರೆದಿಲ್ಲ. ಇನ್ನೊಂದು ಕಡ್ಡಿ ತೆಗೆದುಕೊಂಡು, ಅದರ ನಡುವೆ ಒಂದು ಗಂಟು ಹಾಕಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

"ಇದು ನಮ್ಮ ಯಜಮಾನ್ರ ಪರವಾಗಿ. ಇವತ್ತಿಂದ ಕ್ರಿಸ್ಮಸ್ ತನಕ ಅವ್ರು ಮಾತು ಬಿಡ್ತಾರೆ."

ಇಡೀ ಗುಡಿ ಗೊಳ್ಳೆಂದಿತು. ಇನ್ನಾಸಪ್ಪ ಮುಂದಿನ ಬೆಂಚಿನಿಂದ ಎದ್ದು ನಿಂತು ಬಾಯಿ ತೆರೆದರು. ಮಕ್ಕಳು ಮರಿ ಸಮೇತ ಎಲ್ಲರೂ ಆ ಬಾಯಿಯನ್ನೇ ನೋಡಿದರು. ಅವರು ನಿಧಾನಕ್ಕೆ ಬಾಯಿ ಮುಚ್ಚಿ, ಕೈ ಮುಗಿದು, ಕುಳಿತರು. ನಾನು ಗೋದಲಿಗೆ ಕಡ್ಡಿ ಹಾಕಿದೆ. ಅವತ್ತು ನನ್ನಷ್ಟು ಗೆದ್ದವರು ಚಳ್ಳಕೆರೆಯಲ್ಲಿ ಯಾರೂ ಇರಲಿಲ್ಲ.

ಆದರೆ ಅವರು ನನ್ನ ಗಂಡ. ಸೋಲುವ ಜಾತಿಯಲ್ಲ. ಮನೆಗೆ ಬಂದವರೇ ಟ್ರಂಕಿನ ತಳದಿಂದ ತಮ್ಮ ಹಳೆಯ ಸೀಟಿ ತೆಗೆದರು. ಕಂಡಕ್ಟರ ಲೆಕ್ಕದಲ್ಲಿ ಒಂದು ಸೀಟಿ ಎಂದರೆ ನಿಲ್ಲು. ಎರಡು ಎಂದರೆ ರೈಟ್, ಹೊರಡು. ಅನ್ನ ಬಡಿಸುವಾಗ ಸಾಕಾದರೆ ಒಂದು, ಇನ್ನೂ ಬೇಕಾದರೆ ಎರಡು. ಫ್ಯಾನು ನಿಲ್ಲಿಸಬೇಕಾದರೆ ಒಂದು. ನಾನು ಬೈಯಲು ಶುರು ಮಾಡಿದರೆ ಒಂದೇ ಒಂದು, ಕಿವಿಯ ಪಕ್ಕದಲ್ಲಿ. ಸೋಮವಾರ ಬೆಳಿಗ್ಗೆ ತಿಪ್ಪಕ್ಕ ಗೋಡೆಯಾಚೆಯಿಂದ ಇಣುಕಿ, "ಶೌರಕ್ಕ, ಮನೇಲಿ ಬಸ್ ಸ್ಟ್ಯಾಂಡ್ ಮಾಡ್ಕಂಡೀರಾ?" ಎಂದು ಕೇಳಿದಳು.

ಮಂಗಳವಾರ ಸಂಜೆಯ ಹೊತ್ತಿಗೆ ನನಗೆ ಸಾಕಾಯಿತು. ಇದನ್ನು ಆಗ ಒಪ್ಪಿಕೊಳ್ಳುತ್ತಿರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ. ಜಗಳಕ್ಕೆ ಎದುರು ಮಾತು ಬರದಿದ್ದರೆ ಒಬ್ಬಳೇ ಕುಂತು ರಾಗಿ ಬೀಸಿದ ಹಾಗೆ. "ಹೋಗ್ಲಿ ಮಾತಾಡ್ರಿ, ದೇವ್ರಿಗೆ ನಾನು ಹೇಳ್ಕಂತೀನಿ" ಎಂದೆ. ಅವರು ಕಣ್ಣಲ್ಲೇ ನಕ್ಕು, ಸೀಟಿ ಬಾಯಿಗಿಟ್ಟು, ಒಂದು ಊದಿದರು. ನಿಲ್ಲು.

ಬುಧವಾರ ಬೆಳಿಗ್ಗೆ ಆರು ಗಂಟೆಗೆ ನಾನು ಟೀ ಮಾಡಿ ಹೊರಗೆ ತಂದೆ. ಚಳಿ ಜೋರಿತ್ತು. ಅವರು ಆಗಲೇ ಎದ್ದು, ಕಂಬಳಿ ಹೊದ್ದು, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. "ಟೀ" ಎಂದೆ. ಉತ್ತರವಿಲ್ಲ. ಸೀಟಿಯೂ ಇಲ್ಲ. ಲೋಟ ಪಕ್ಕದಲ್ಲಿಟ್ಟೆ. ಒಳಗೆ ಹೋಗಿ ಚಕ್ಕುಲಿಯ ಅಕ್ಕಿ ಡಬ್ಬಿಗೆ ತುಂಬಿಕೊಂಡು ಬಂದೆ. ಟೀ ಹಾಗೇ ಇತ್ತು. ಸೀಟಿ ಅವರ ಕಾಲ ಬಳಿ ನೆಲದ ಮೇಲೆ ಬಿದ್ದಿತ್ತು.

"ಬಿದ್ದಿದ್ದು ಎತ್ಕಣಾಕೂ ನಾನೇ ಬರ್ಬೇಕಾ?" ಎಂದು ಎತ್ತಿ ಅವರ ಅಂಗಿಯ ಜೇಬಿಗೆ ತುರುಕಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕಂಬಳಿ ಕಿವಿಯ ಮೇಲೆ ಬಂದಿತ್ತು, ಅರ್ಧ ಮುಖವಷ್ಟೇ ಕಾಣುತ್ತಿತ್ತು. "ನಿಮ್ಮ ನಾಟಕ ನಿಮಗೇ ಇರ್ಲಿ. ನಾನು ಗಿರಣಿಗೆ ಹೋಗ್ತೀನಿ" ಎಂದು ಡಬ್ಬಿ ಸೊಂಟಕ್ಕಿಟ್ಟು ಹೊರಟೆ.

ಗಿರಣಿಯಲ್ಲಿ ಸಾಲಿತ್ತು. ಹೆಂಗಸರೆಲ್ಲ ಸೇರಿದ್ದರು. ನಾನು ಗಂಡನ ಬಾಯಿ ಕಟ್ಟಿದ ಕಥೆ ಹೇಳಿದೆ. ಗಂಟು ಹಾಕಿದ ಕಡ್ಡಿ, ಸೀಟಿ, ಅನ್ನ, ಫ್ಯಾನು. ಬೆಳಿಗ್ಗೆ ಟೀಗೂ ಮಾತಾಡದೆ ದೇವರ ಮೂರ್ತಿಯ ಹಾಗೆ ಕೂತಿದ್ದನ್ನು ಮುಖ ಗಂಟು ಹಾಕಿ ಮಾಡಿ ತೋರಿಸಿದೆ. ಒಬ್ಬಳು ನಕ್ಕು ನಕ್ಕು ಹಿಟ್ಟಿನ ಚೀಲದ ಮೇಲೆ ಕೂತಳು. ಇನ್ನೊಬ್ಬಳು ಈಗಷ್ಟೇ ಬಂದವಳು, "ಇನ್ನೊಂದು ಸಲ ಹೇಳವ್ವ" ಎಂದಳು. ಇನ್ನೊಂದು ಸಲ ಹೇಳಿದೆ.

ಮನೆಗೆ ಬಂದಾಗ ಒಂಬತ್ತು ದಾಟಿತ್ತು. ಅವರು ಅದೇ ಕಟ್ಟೆಯ ಮೇಲೆ, ಅದೇ ಗೋಡೆಗೆ. ಬಿಸಿಲು ಮುಖದ ಮೇಲೆ ನೇರ ಬಿದ್ದಿತ್ತು, ಅವರು ತಿರುಗಿರಲಿಲ್ಲ. ಟೀಯ ಮೇಲೆ ಕೆನೆ ಕಟ್ಟಿ, ಅದರ ಮೇಲೆ ನೊಣ. ಕಂಬಳಿ ಸರಿಸಿದೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗೈ ಮಡಿಲಲ್ಲಿ ಯಾರದೋ ಕೈಯ ಹಾಗೆ ಬಿದ್ದಿತ್ತು. ಕಣ್ಣು ಮಾತ್ರ ಸರಿಯಾಗಿತ್ತು. ಆ ಕಣ್ಣು ನನ್ನನ್ನು ನೋಡಿದ್ದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ.

ತಿಪ್ಪಕ್ಕನ ಗಂಡ ಆಟೋ ತಂದ. ಇಲ್ಲಿನ ಆಸ್ಪತ್ರೆಯಲ್ಲಿ ನೋಡಿ ಚಿತ್ರದುರ್ಗಕ್ಕೆ ಕಳಿಸಿದರು. ದುರ್ಗದ ಆಸ್ಪತ್ರೆಯ ಡಾಕ್ಟರು ವಯಸ್ಸಿನ ಹುಡುಗಿ, ಕೈಯಲ್ಲಿ ಕಾಗದ ಹಿಡಿದು ಮೊದಲು ಕೇಳಿದ್ದೇ, "ಎಷ್ಟು ಹೊತ್ತಾಯ್ತಮ್ಮ ಹಿಂಗಾಗಿ?"

"ಆರು ಗಂಟೆಗೆ ಟೀ ಕೊಟ್ಟಾಗ್ಲೇ ಮಾತಾಡ್ಲಿಲ್ಲ" ಎಂದೆ. ಸುಳ್ಳು ಹೇಳಿದರೆ ಔಷಧಿ ತಪ್ಪಾದೀತು ಎಂಬ ಬುದ್ಧಿ ಅಷ್ಟರಲ್ಲೂ ಇತ್ತು.

ಆಕೆ ಗಡಿಯಾರ ನೋಡಿದಳು. "ಆಗ್ಲೇ ಕರ್ಕೊಂಡು ಬಂದಿದ್ರೆ ಒಂದು ಇಂಜೆಕ್ಷನ್ ಕೊಡ್ಬಹುದಿತ್ತು. ಈಗ ಅದರ ಸಮಯ ಮೀರಿದೆ." ಬೈಯಲಿಲ್ಲ. ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು.

ಮಧ್ಯಾಹ್ನ ಮಗಳು ಲೂರ್ದು ಬಂದಳು. ಬಿ.ಜಿ. ಕೆರೆಯಲ್ಲಿ ಅಂಗನವಾಡಿ ಟೀಚರು, ಮಕ್ಕಳ ಊಟ ಮುಗಿಸಿ ಹಾಗೇ ಓಡಿ ಬಂದಿದ್ದಳು, ಸೆರಗಿನಲ್ಲಿ ಸಾರಿನ ಕಲೆ ಇತ್ತು. "ಯಾವಾಗಾತವ್ವ ಇದು?" ಎಂದಳು.

"ಗಿರಣಿಗೆ ಹೋಗೋವಾಗ ಚೆನ್ನಾಗೇ ಇದ್ರು. ಬರೋಷ್ಟ್ರಲ್ಲಿ ಹಿಂಗೆ" ಎಂದೆ.

ಮಂಚದ ಮೇಲೆ ಮಲಗಿದ್ದವರು ಕೇಳಿಸಿಕೊಂಡರು. ಅವರಿಗೆ ಎಲ್ಲವೂ ಅರ್ಥವಾಗುತ್ತದೆ, ಬಾಯಿಗೆ ಮಾತು ತರಲು ಮಾತ್ರ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಎಡಗೈಯಿಂದ ಬರೆಯಬಹುದು ಎಂದು ಲೂರ್ದು ಸ್ಲೇಟು ತಂದಳು. ಅವರು ಬಳಪ ಮುಟ್ಟಲಿಲ್ಲ. ನನ್ನ ಕಡೆಗೊಮ್ಮೆ ನೋಡಿ ಗೋಡೆಗೆ ತಿರುಗಿದರು.

ಅವತ್ತಿನಿಂದ ನನ್ನ ಹೊಟ್ಟೆಯೊಳಗೆ ಎರಡು ಪ್ರಾರ್ಥನೆ. ಜಪಸರ ಹಿಡಿದು, ತಾಯಿ ಮರಿಯಮ್ಮ, ಇವರಿಗೆ ಮಾತು ಕೊಡು ಎನ್ನುವೆ. ಮುಂದಿನ ಮಣಿಗೆ ಬರುವಷ್ಟರಲ್ಲಿ, ಮಾತು ಬಂದರೆ ಮೊದಲ ಮಾತು ಏನು ಹೇಳುತ್ತಾರೋ ಎಂದು ಎಣಿಕೆ ತಪ್ಪುತ್ತಿತ್ತು. ಗಂಡನ ಬಾಯಿ ತೆರೆಯಲಿ ಎಂದು ಬೇಡುವವಳೂ ನಾನೇ, ಬೇಡ ಎನ್ನುವವಳೂ ನಾನೇ. ದೇವರು ಯಾವಳ ಮಾತು ಕೇಳಬೇಕು?

ಎರಡನೆಯ ನೇರಳೆ ಬತ್ತಿಯನ್ನು ನಾನು ನೋಡಲಿಲ್ಲ. ಆ ಭಾನುವಾರ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದೆ. ಮೂರನೆಯದಕ್ಕೆ ಮನೆಗೆ ಕಳಿಸಿದರು. ಅದು ಗುಲಾಬಿ ಬತ್ತಿಯ ವಾರ, ಸಂತೋಷದ ಭಾನುವಾರ ಎನ್ನುತ್ತಾರೆ. ನಮ್ಮವರು ಸರದಿ ಹಾಕಿಕೊಂಡು ಊಟ ತಂದರು. ಅನ್ನಮ್ಮ ಮುದ್ದೆ ಸಾರು, ಶೌರಪ್ಪನ ಹೆಂಡತಿ ಗಂಜಿ. ಸಂಜೆ ಬಂದು ಮಂಚದ ಸುತ್ತ ಕೂತು ಜಪಸರ ಹೇಳಿ ಹೋಗುವರು. ಶೌರಪ್ಪ ಗಡ್ಡ ಬೋಳಿಸಿಕೊಟ್ಟು, "ಮಾವ, ಬೀಡಿ ನಿಜವಾಗ್ಲೂ ಬಿಟ್ಟೀನಿ, ನೀನು ಎದ್ದು ನಿಂತು ಓದೋ ತಂಕ ಮುಟ್ಟಲ್ಲ" ಎಂದು ಅವರ ಕೈ ಹಿಡಿದು ಅತ್ತ.

ಮೊಳಕಾಲ್ಮೂರಿನ ನೇಕಾರರೂ ಬಂದರು. ರೇಷ್ಮೆ ನೂಲಿನ ಎಳೆ ಅಂಟಿದ ಕೈಯಲ್ಲೇ ನನ್ನ ಕೈ ಹಿಡಿದು, "ನಿಮ್ಮಂಥ ಹೆಂಡ್ತಿ ಸಿಕ್ಕಿದ್ದು ಅವ್ರ ಪುಣ್ಯ ಕಣಮ್ಮ" ಎಂದರು.

"ನಿಂಗೊತ್ತಾ ವದಿನಾ," ಅನ್ನಮ್ಮ ಹೇಳಿದಳು, "ನೀ ಅಣ್ಣಂಗೆ ಮಾಡೋ ಸೇವೆಗೆ ದಿನಾ ನಾವು ಗೋದಲಿಗೆ ಒಂದೊಂದು ಕಡ್ಡಿ ಹಾಕ್ತಿದೀವಿ. ನಿನ್ನ ಹೆಸರಿಂದೇ ಅರ್ಧ ತುಂಬೈತೆ."

ಮಂಚದ ಮೇಲಿನ ಕಣ್ಣು ನನ್ನ ಕಡೆಗೆ ತಿರುಗಿತು. ನಾನು ಲೋಟ ತೊಳೆಯಲು ಎದ್ದು ಹೋದೆ.

ಅದೇ ವಾರ ಒಂದು ಬೆಳಿಗ್ಗೆ, ಲೂರ್ದು ಮನೆಯಲ್ಲಿದ್ದಳೆಂದು ಪೂಜೆಗೆ ಹೋದೆ. ಆಗಮನ ಕಾಲದ ಕೊನೆಗೆ ಬರುವ ಒಂದು ವಾಚನವಿದೆ. ದೇವದೂತ ಬಂದು ನಿನಗೆ ಮಗು ಹುಟ್ಟುತ್ತದೆ ಎಂದಾಗ ಒಬ್ಬ ಮುದಿ ಯಾಜಕ ನಂಬುವುದಿಲ್ಲ. ಅದಕ್ಕೆ ಮಗು ಹುಟ್ಟುವ ತನಕ ಅವನ ಮಾತು ನಿಂತುಹೋಗುತ್ತದೆ. ಇಷ್ಟು ವರ್ಷ ಅದನ್ನು ಕೇಳಿದಾಗಲೆಲ್ಲ ನಮ್ಮ ಯಜಮಾನರನ್ನು ನೋಡಿ ನಗುತ್ತಿದ್ದೆ. ದೇವರಿಗೆ ನಿಮ್ಮಂಥವರ ಬಾಯಿ ಮುಚ್ಚಿಸುವುದು ಗೊತ್ತು ನೋಡ್ರಿ, ಎನ್ನುತ್ತಿದ್ದೆ. ಅವತ್ತು ಗುರುಗಳು ಅದನ್ನು ಓದಿದಾಗ ಮುಂದಿನ ಬೆಂಚಿನಲ್ಲಿ ಅವರ ಜಾಗ ಖಾಲಿಯಿತ್ತು.

ಎಲ್ಲರೂ ಹೋಗುವ ತನಕ ಕಾದೆ. ಆಮೇಲೆ ಗೋದಲಿಯ ಮುಂದೆ ಮಂಡಿಯೂರಿ, ಎರಡೂ ಕೈ ಹಾಕಿ ಹುಲ್ಲು ಕೆದಕತೊಡಗಿದೆ. ಆ ಗಂಟಿನ ಕಡ್ಡಿ ತೆಗೆದುಬಿಟ್ಟರೆ ಕೊಟ್ಟ ಮಾತು ವಾಪಸ್ಸಾದೀತು ಎಂಬ ಹುಚ್ಚು. ಒಂದೊಂದೇ ಕಡ್ಡಿ ಬೆರಳಲ್ಲಿ ಎಳೆದು ನೋಡಿ ಪಕ್ಕಕ್ಕೆ ಹಾಕಿದೆ. ತಳ ಬಂತು. ಬೇವಿನ ಹಲಗೆ ಬಂತು. ಗಂಟಿನ ಕಡ್ಡಿ ಇರಲಿಲ್ಲ.

"ಶೌರಮ್ಮ ಅವರೇ, ಏನು ಹುಡುಕ್ತಾ ಇದ್ದೀರಿ?"

ಗುರುಗಳು. ಕರಾವಳಿಯವರು, ಚಿಕ್ಕ ವಯಸ್ಸು, ಪುಸ್ತಕದಿಂದ ಎದ್ದು ಬಂದ ಹಾಗೆ ಕನ್ನಡ ಮಾತಾಡುವವರು. ನನ್ನ ಸುತ್ತ ಇಡೀ ಊರಿನ ಪುಣ್ಯ ನೆಲದ ಮೇಲೆ ಹರಡಿತ್ತು.

"ಅವತ್ತು ನಾನು ಹಾಕಿದ್ನಲ್ಲ ಫಾದರ್, ಅದನ್ನ ವಾಪಸ್ ತಗಂತೀನಿ. ರದ್ದು ಮಾಡ್ರಿ. ನೀವು ಮಂತ್ರ ಹೇಳಿದ್ರೆ ರದ್ದಾಗುತ್ತಾ?"

ಅವರು ನನ್ನ ಎದುರಿಗೆ ನೆಲದ ಮೇಲೇ ಕೂತರು. "ಒಬ್ಬರ ಹರಕೆಯನ್ನು ಇನ್ನೊಬ್ಬರು ಹೊರಲಿಕ್ಕೆ ಆಗುವುದಿಲ್ಲ. ದೇವರು ಹುಲ್ಲುಕಡ್ಡಿ ಹಿಡಿದುಕೊಂಡು ಜನರ ಮೇಲೆ ಸೇಡು ತೀರಿಸುವುದಿಲ್ಲ ಮಾರಾಯ್ರೆ."

"ಹಂಗಾದ್ರೆ ಇವತ್ತು ಓದಿದ್ರಲ್ಲ, ಆ ಮುದುಕನ ಬಾಯಿ ಕಟ್ಟಿದ್ದು ಯಾರು?"

ಅವರು ನೆಲದ ಮೇಲಿನ ಒಂದು ಕಡ್ಡಿ ಎತ್ತಿ ತಿರುಗಿಸಿ ನೋಡಿದರು. ಬೇರೆ ದಿನವಾಗಿದ್ದರೆ ಗುರುಗಳನ್ನು ಸೋಲಿಸಿದೆ ಎಂದು ಬೀದಿಗೆಲ್ಲ ಸಾರುತ್ತಿದ್ದೆ. ಅವತ್ತು ಅವರು ಒಂದು ಉತ್ತರ ಕೊಡಲಿ ಎಂದು ಮುಖವನ್ನೇ ನೋಡುತ್ತ ಕೂತೆ. ಅವರು ಕೊಡದೇ ಹೋದಾಗ ನನ್ನ ಬಾಯಿಂದಲೇ ಎಲ್ಲ ಬಂತು. ಆರು ಗಂಟೆ, ಟೀ, ಬಿದ್ದ ಸೀಟಿ, ಗಿರಣಿ, ಎರಡು ಸಲ ಹೇಳಿದ ಕಥೆ, ಮಗಳಿಗೆ ಹೇಳಿದ ಸುಳ್ಳು. ಹೇಳಿ ಮುಗಿಸಿ, "ಇದನ್ನ ಪಾಪನಿವೇದನೆ ಅಂತ ತಿಳ್ಕಳ್ರಿ. ಪ್ರಾಯಶ್ಚಿತ್ತಕ್ಕೆ ಎಷ್ಟು ಜಪಸರ ಹೇಳ್ಲಿ?" ಎಂದೆ.

"ಜಪಸರ ಬೇಡ. ಇದನ್ನು ಅವರ ಎದುರಿನಲ್ಲಿ ಹೇಳಿ. ಮಗಳೂ ಇರಲಿ."

"ಅದೊಂದು ಬಿಟ್ಟು ಬ್ಯಾರೆ ಏನಾದ್ರೂ ಕೊಡ್ರಿ."

"ಇದು ಸಂತೆ ಅಲ್ಲ ಶೌರಮ್ಮ."

"ಅವ್ರಿಗೆ ಗೊತ್ತಿರೋದೇ ಅಲ್ವಾ ಫಾದರ್? ಕಣ್ಣಾರೆ ನೋಡ್ಯಾರೆ."

"ಅವರಿಗೆ ಗೊತ್ತಿದೆ," ಎಂದರು ಗುರುಗಳು. "ನಿಮಗೂ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ."

ಇಬ್ಬರೂ ಸೇರಿ ಹುಲ್ಲನ್ನು ಮತ್ತೆ ಗೋದಲಿಗೆ ತುಂಬಿದೆವು.

ಹೇಳಲಿಲ್ಲ. ನಾಳೆ, ನಾಳೆ ಎಂದು ನಾಲ್ಕನೆಯ ಬತ್ತಿಯೂ ಉರಿದುಹೋಯಿತು. ಬಾಯಿಯ ಸ್ನಾಯುವಿಗೆ ವ್ಯಾಯಾಮ ಕಲಿಸಲು ಬರುತ್ತಿದ್ದ ಹುಡುಗಿ, "ಏನಾದ್ರೂ ಊದಿಸಿ, ಬತ್ತಿ ಆರಿಸೋದು, ಪೀಪಿ, ಏನಾದ್ರೂ" ಎಂದಿದ್ದಳು. ಅವರು ಊದಿದರೆ ಗಾಳಿ ಕೆನ್ನೆಯ ಮೂಲೆಯಿಂದ ಸೋರಿ ಹೋಗುತ್ತಿತ್ತು. ಬತ್ತಿಯ ಜ್ವಾಲೆ ಅಲ್ಲಾಡುತ್ತಲೂ ಇರಲಿಲ್ಲ. ಒಂದು ಸಲ ಕೋಪ ಬಂದು ಎಡಗೈಯಿಂದ ಬತ್ತಿಯನ್ನೇ ಹೊಡೆದು ಬೀಳಿಸಿದರು.

ಹಬ್ಬಕ್ಕೆ ಎರಡು ದಿನ ಇರುವಾಗ, ಆಸ್ಪತ್ರೆಯಿಂದ ತಂದು ಮೂಲೆಗೆ ಎಸೆದಿದ್ದ ಬಟ್ಟೆ ಚೀಲ ಕಣ್ಣಿಗೆ ಬಿತ್ತು. ಆ ಬುಧವಾರ ಅವರು ಹಾಕಿಕೊಂಡಿದ್ದ ಅಂಗಿ ಅದರಲ್ಲಿತ್ತು. ಒಗೆಯುವ ಮುಂಚೆ ಜೇಬಿಗೆ ಕೈ ಹಾಕಿದೆ. ಸೀಟಿ ಸಿಕ್ಕಿತು. ಅದರ ದಾರಕ್ಕೆ ಸಿಕ್ಕಿಕೊಂಡು ಏನೋ ಬಂತು. ನವಣೆ ಹುಲ್ಲಿನ ಕಡ್ಡಿ. ಒಣಗಿ ಮುರಿಯುವ ಹಾಗಿತ್ತು. ನಡುವೆ ನಾನು ಹಾಕಿದ ಗಂಟು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ಭಾನುವಾರ ಪೂಜೆ ಮುಗಿದು ಬೀಗ ಹಾಕುವಾಗಲೇ ಅವರು ಅದನ್ನು ಗೋದಲಿಯಿಂದ ತೆಗೆದು ಜೇಬಿಗೆ ಹಾಕಿಕೊಂಡಿದ್ದಾರೆ. ಹರಕೆ ದೇವರ ತನಕ ಹೋಗಿಯೇ ಇರಲಿಲ್ಲ. ಮೂರು ದಿನ ಅವರು ಸುಮ್ಮನಿದ್ದದ್ದು ದೇವರಿಗಾಗಿ ಅಲ್ಲ, ನನ್ನನ್ನು ಕಾಡಿಸಲು. ಕೊನೆಗೊಂದು ದಿನ ಕಡ್ಡಿ ಎತ್ತಿ ತೋರಿಸಿ, ನೋಡೇ ಶೌರಿ, ಎಂದು ನಗಲು. ಇಷ್ಟು ದಿನ ನನ್ನ ಪಾಪದಲ್ಲಿ ಅರ್ಧವನ್ನು ದೇವರ ತಲೆಗೆ ಕಟ್ಟಿದ್ದೆ. ಅವನೇ ಬಾಯಿ ಕಟ್ಟಿದ, ನಾನು ಬರೀ ನೆಪ ಎಂದು. ಆ ಅರ್ಧವೂ ನನ್ನ ಮಡಿಲಿಗೇ ಬಂದು ಬಿತ್ತು. ದೇವರು ಏನೂ ಮಾಡಿರಲಿಲ್ಲ. ಒಬ್ಬ ಮನುಷ್ಯ ಸೀಟಿ ಊದಲು ಹೋಗಿ ಆಗದೆ ಕೈಬಿಟ್ಟಿದ್ದ, ಅವನ ಹೆಂಡತಿ ಅದನ್ನು ಎತ್ತಿ ಜೇಬಿಗಿಟ್ಟು ಹೋಗಿದ್ದಳು. ಅಷ್ಟೇ ನಡೆದಿದ್ದು.

ಹಬ್ಬದ ಹಿಂದಿನ ಸಂಜೆ ಗುಡಿಯಲ್ಲಿ ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸಿದರು. ನಾನು ಹೋಗಲಿಲ್ಲ. ಗುರುಗಳು ಪೂಜೆ ಮುಗಿಸಿ ಮೊಳಕಾಲ್ಮೂರಿಗೆ ಹೊರಟ ಜೀಪಿನ ಸದ್ದು ನಮ್ಮ ಬೀದಿಯಲ್ಲಿ ಕೇಳಿತು. ಪ್ರತಿ ವರ್ಷ ಅದರಲ್ಲಿ ಬಾಗಿಲ ಪಕ್ಕ ಕೂತು, ತಳಕು, ಬಿ.ಜಿ. ಕೆರೆ, ಹಾನಗಲ್ ಎಂದು ಕೂಗಿ ಗುರುಗಳನ್ನು ನಗಿಸುತ್ತಿದ್ದವರು ಮಂಚದ ಮೇಲೆ ಕಣ್ಣು ಮುಚ್ಚಿಕೊಂಡರು.

ಹಬ್ಬದ ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ಒಗೆದ ಅಂಗಿ ಹಾಕಿ, ನಾನೂ ಲೂರ್ದುವೂ ಹಿಡಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆವು. ಅದೇ ಕಟ್ಟೆ. ಬೇಕೆಂದೇ ಅಲ್ಲಿ ಕೂರಿಸಿದೆ. ಲೂರ್ದು ಅವರ ತಲೆ ಬಾಚುತ್ತಿದ್ದಳು. ನಾನು ಎದುರಿಗೆ ನಿಂತು, ಗಿರಣಿಯಲ್ಲಿ ಎರಡು ಸಲ ಹೇಳಿದ ಕಥೆಯನ್ನು ಮೂರನೆಯ ಸಲ ಹೇಳಿದೆ. ಈ ಸಲ ಪೂರ್ತಿ ಹೇಳಿದ್ದರಿಂದ ಯಾರೂ ನಗಲಿಲ್ಲ.

ಲೂರ್ದುವಿನ ಕೈ ನಿಂತಿತು. "ಆರು ಗಂಟೆಗೆ ಅವ್ವ?" ಎಂದಳು. "ಆರು ಗಂಟೆಗೆ ನೀ ನೋಡಿದ್ದೆ?"

"ನೋಡಿದ್ದೆ. ಸೀಟಿ ಬಿದ್ದಿದ್ದೂ ನೋಡಿದ್ದೆ."

ಅವಳು ಬಾಚಣಿಗೆಯಲ್ಲಿ ಸಿಕ್ಕಿದ್ದ ಬಿಳಿಕೂದಲನ್ನು ನಿಧಾನಕ್ಕೆ ಬಿಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು. "ಹಿತ್ಲಲ್ಲಿ ಬಟ್ಟೆ ಒಣಗೈತೆ, ತೆಗೀತೀನಿ" ಎಂದು ಒಳಗೆ ಹೋದಳು. ಬೆಳಿಗ್ಗೆ ಎಂಟು ಗಂಟೆಗೆ ಯಾವ ಬಟ್ಟೆ ಒಣಗಿರುತ್ತದೆ? ಆಮೇಲೆ ನನ್ನ ಜೊತೆ ಅವಳು ಸರಿಯಾಗಿ ಮಾತಾಡಿದ್ದು ಯುಗಾದಿ ದಾಟಿದ ಮೇಲೆ.

ನಾವಿಬ್ಬರೇ ಉಳಿದೆವು. ಸೆರಗಿನ ಗಂಟಿನಿಂದ ಕಡ್ಡಿ ತೆಗೆದು ಅವರ ಎಡಗೈಯಲ್ಲಿಟ್ಟೆ. ಅವರು ಅದನ್ನು ನೋಡಿದರು. ಬೆರಳಿಂದ ಗಂಟನ್ನು ಮುಟ್ಟಿದರು. ಬಾಯಿಯ ಸರಿಯಿದ್ದ ಕಡೆ ಸ್ವಲ್ಪ ಅಲ್ಲಾಡಿತು. ನಗುವೋ ಅಳುವೋ, ಅರ್ಧ ಬಾಯಿಯಲ್ಲಿ ಹೇಳುವುದು ಕಷ್ಟ.

"ನಾನು ಬಿಟ್ಟು ಹೋದೆ ಕಣ್ರಿ" ಎಂದೆ. "ನೀವು ಕರೀತಿದ್ರಿ. ನಾನು ಬಿಟ್ಟು ಹೋದೆ."

ನಾನು ಸೀಟಿ ತೆಗೆದು ಸೆರಗಲ್ಲಿ ಒರೆಸಿ ಅವರ ತುಟಿಗಿಟ್ಟು, ಸೋರುವ ಕಡೆಯ ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದೆ. "ಒಂದು ಊದಿದ್ರೆ ಇನ್ನು ನಿಮ್ಮ ಕಣ್ಣಿಗೆ ಬೀಳಲ್ಲ. ಲೂರ್ದು ನಿಮ್ಮನ್ನ ನೋಡ್ಕಂತಾಳೆ. ಎರಡು ಊದಿದ್ರೆ" ಎಂದು ಅಲ್ಲಿಗೆ ನಿಲ್ಲಿಸಿದೆ. ಎರಡು ಎಂದರೆ ರೈಟ್, ಜೊತೆಗೇ ಮುಂದಕ್ಕೆ; ಅದನ್ನು ಕಂಡಕ್ಟರಿಗೆ ಹೇಳಬೇಕಿಲ್ಲ.

ಮೊದಲು ಏನೂ ಬರಲಿಲ್ಲ. ಎದೆ ಎರಡು ಮೂರು ಸಲ ಏರಿ ಇಳಿಯಿತು. ಕುತ್ತಿಗೆಯ ನರ ಉಬ್ಬಿತು. ಆಮೇಲೆ ಒಂದು ಸದ್ದು, ಬಿದಿರಿನ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ, ಸಣ್ಣಗೆ, ಒಡೆದು. ಆದರೆ ಸೀಟಿಯೇ. ಗೋಡೆಯಾಚೆ ತಿಪ್ಪಕ್ಕ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದ್ದು ಕೇಳಿಸಿತು.

ಒಂದು.

ನನ್ನ ಕೈ ಅವರ ಕೆನ್ನೆಯ ಮೇಲೇ ಇತ್ತು. ತೆಗೆಯಲೋ ಬೇಡವೋ ತಿಳಿಯಲಿಲ್ಲ. ಜೊಲ್ಲು ನನ್ನ ಬೆರಳ ಸಂದಿಯಲ್ಲಿ ಇಳಿಯಿತು. ಅವರು ಕಣ್ಣು ಮುಚ್ಚಿದರು. ಇನ್ನು ಮುಗಿಯಿತು ಎಂದುಕೊಂಡು ಸೀಟಿಯನ್ನು ಎಳೆಯಹೋದೆ. ಅವರು ಹಲ್ಲಿನಲ್ಲಿ ಕಚ್ಚಿ ಹಿಡಿದರು, ಬಿಡಲಿಲ್ಲ. ಮತ್ತೆ ಎದೆ ಏರಿತು. ಮತ್ತೆ ನರ ಉಬ್ಬಿತು. ಸೀಟಿಯೊಳಗಿನ ಸಣ್ಣ ಗೋಲಿ ಗಡಗಡ ಎಂದು ಒಮ್ಮೆ ಉರುಳಿತು. ಗಾಳಿ ಬಂತು, ಬಿಸಿಯಾಗಿ, ನನ್ನ ಅಂಗೈಗೆ. ಸದ್ದು ಬರಲಿಲ್ಲ.

ಈಗ ಅವರಿಗೆ ಐದಾರು ಮಾತು ಬರುತ್ತವೆ. ನೀರು, ಉಪ್ಪು, ಬಾ, ಸಾಕು, ಮತ್ತು ನನ್ನ ಹೆಸರಿನ ಮೊದಲರ್ಧ. ಅವತ್ತಿನ ಎರಡನೆಯದು ಸೀಟಿಯೋ ಬರೀ ಉಸಿರೋ ಎಂದು ಕೇಳಿದರೆ ಹೌದು ಇಲ್ಲ ಎಂದು ತಲೆಯಾಡಿಸಿಯಾದರೂ ಹೇಳುತ್ತಾರೆ. ಇವತ್ತಿನ ತನಕ ಕೇಳಿಲ್ಲ. ಎರಡು ಎಂದೇ ಎಣಿಸಿಕೊಂಡು ಅವರ ಪಕ್ಕದಲ್ಲಿ ಕೂತಿದ್ದೇನೆ.